ಪಂಡಿತಾ ರಮಾಬಾಯಿಯವರೂ ಅವರ ತಾಯಿಯೂ ಮಗಳೂ

ವಾಡಿಯಲ್ಲಾಗಲಿ ಶಹಾಬಾದದಲ್ಲಾಗಲಿ ಪುಣೆಯ ಕಡೆಗೆ ಹೋಗುವ ಗಾಡಿಯನ್ನು ಹತ್ತಿದವರು, ಕಲಬುರಗಿ, ಸೊಲ್ಲಾಪುರ, ದೌಂಡಗಳನ್ನು ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣವನ್ನು ಕಾಣುವರು. ಪಂಡಿತಾ ರಮಾಬಾಯಿಯವರು ನಿರ್ಗತಿಕ ಸ್ತ್ರೀಯರಿಗಾಗಿ ಕಟ್ಟಿದ ಮುಕ್ತಿ ಸದನವು ಅಲ್ಲಿರುವದು. ಅದೇ ಹಾದಿಯ ಈ ಕಡೆಯಲ್ಲಿ, ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿ, 1912ರ ಸುಮಾರಿಗೆ ಅವರ ಮಗಳು ಮನೋರಮಾಬಾಯಿಯವರು ತಾಯಿಯ ನೆರವಿನಿಂದ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ಕೋಡ್ಲಾ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಸಂಗತಿಯನ್ನು ಬಲ್ಲವರು ಸ್ವಲ್ಪ ಮಂದಿಯೇ ಇರಬಹುದು. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆದಿರುವೆನು.

ಈ ಚರಿತ್ರೆಯನ್ನು ರಮಾಬಾಯಿಯವರಿಂದಲ್ಲ, ಅವರ ತಾಯಿ ಲಕ್ಷ್ಮೀಬಾಯಿಯವರಿಂದಲೇ ಆರಂಭಿಸತಕ್ಕದ್ದು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ದಕ್ಷಿಣ ಕನ್ನಡ ಸೀಮೆಯವರು, ಸಂಸ್ಕೃತದಲ್ಲಿ ಮಹಾ ಪಂಡಿತರು. ತಮ್ಮ ಗುರುಗಳು ಪೇಶ್ವೆಯವರ ಅರಮನೆಯ ರಾಣಿಗೆ ಸಂಸ್ಕೃತವನ್ನು ಕಲಿಸುವದನ್ನು ಕಂಡು, ತಾವೂ ತಮ್ಮ ಹೆಂಡತಿಗೆ ಕಲಿಸಬೇಕೆಂದು ಸಂಕಲ್ಪಿಸಿದರು. ಮೊದಲನೆಯ ಹೆಂಡತಿಯ ಕಾಲದಲ್ಲಿ ಅದು ಕೈಗೂಡಲಿಲ್ಲ. ಆಕೆಯು ತೀರಿದ ಮೇಲೆ ಮದುವೆಯಾದ ಬಾಲೆಯೇ ಲಕ್ಷ್ಮೀಬಾಯಿ. ಹೆಣ್ಣಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಶಾಸ್ತ್ರಿಗಳು ಪಂಡಿತರ ಮುಂದೆ ಸಮಾಧಾನ ಹೇಳಬೇಕಾಯಿತು. ಕಡೆಗೆ ಅವರು ಜನರ ಗೊಡವೆಯೇ ಬೇಡವೆಂದು ಹೆಂಡತಿಯೊಡನೆ ಪಶ್ಚಿಮ ಘಟ್ಟದ ಗಂಗಾಮೂಲದ ಅಡವಿಯಲ್ಲಿ ಮನೆ ಮಾಡಿದರು. ಅಲ್ಲಿ 1858ನೇ ಇಸವಿ ಎಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು.

ಮಗಳು ಕಲಿಯುವ ವಯಸ್ಸಿಗೆ ಬಂದಾಗ ತಂದೆಯವರು ಮುದುಕರಾಗಿದ್ದರು. ಕಲಿಸುವ ಭಾರವು ತಾಯಿಯ ಮೇಲೆ ಬಿದ್ದಿತು. ಹಗಲೆಲ್ಲಾ ಮನೆಗೆಲಸ, ಯಾತ್ರಿಕರ ಉಪಚಾರ; ಬಿಡುವೆಂಬುದೇ ಇಲ್ಲ. ಆದ್ದರಿಂದ ಲಕ್ಷ್ಮೀಬಾಯಿಯವರು ಬೆಳಗು ಹರಿಯುವದಕ್ಕೆ ಮುಂಚೆಯೇ, ನೆಲದ ಮೇಲೆ ನಿದ್ರಿಸುತ್ತಿದ್ದ ಮಗಳನ್ನು ಎತ್ತಿಕೊಂಡು, ಮುದ್ದಿನ ಮಾತುಗಳಿಂದ ಎಚ್ಚರಿಸಿ, ಪಾಠ ಹೇಳುವರು. ಪುಸ್ತಕವಿಲ್ಲ, ತಾಯಿಯ ಬಾಯಿಂದ ಬಂದದ್ದೇ ಪುಸ್ತಕ. ಎಂಟರಿಂದ ಹದಿನೈದರ ವರೆಗೆ ಹೀಗೆಯೇ ನಡೆಯಿತು, ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಕಂಠಪಾಠವಾದವು. ಶಿಕ್ಷಕಿಯರ ತರಬೇತಿಯಲ್ಲಿ ನಾವು ಎಷ್ಟೋ ಕ್ರಮಗಳನ್ನು ಕಲಿಯುತ್ತೇವೆ. ದಣಿದ ತಾಯಿಯು ನಿದ್ದೆಗೆಟ್ಟು ಕಲಿಸಿದ ಈ ಕ್ರಮವು ಯಾವ ಕೈಪಿಡಿಯಲ್ಲಿಯೂ ಇಲ್ಲ. ಹಿರಿಯ ಮಗಳ ಬಾಲ್ಯವಿವಾಹವು ದುಃಖಕ್ಕೆ ಕಾರಣವಾದದ್ದರಿಂದ ಕಿರಿಯಳಿಗೆ ಆ ವಯಸ್ಸಿನಲ್ಲಿ ಮದುವೆಯನ್ನೂ ಮಾಡಲಿಲ್ಲ. ಬಂಧುಗಳು ಏನೆನ್ನುವರೆಂಬದು ಆ ತಂದೆತಾಯಿಗಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಆಸ್ತಿಯೆಲ್ಲಾ ಕರಗಿ, ಕುಟುಂಬವು ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಿದ್ದಾಗ, 1870ರ ದಶಕದ ಕ್ಷಾಮವು ಅವರನ್ನು ಹಿಡಿಯಿತು. ತಂದೆಯವರು ಮೊದಲು ತೀರಿಕೊಂಡರು. ಅನಂತರ ತಾಯಿಯು ಜ್ವರದಲ್ಲಿ ಬಿದ್ದು ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬಯಸಿದರು. ಎಂದೂ ಕೈಯೊಡ್ಡದ ರಮಾಬಾಯಿಯವರು ನೆರೆಮನೆಯ ಬಾಗಿಲಿಗೆ ಹೋದರು. ನಾಲಿಗೆ ಏಳಲಿಲ್ಲ, ಕಣ್ಣೀರು ಸುರಿಯಿತು. ಆ ಮನೆಯಾಕೆಯು ಅರಿತುಕೊಂಡು ರೊಟ್ಟಿಯನ್ನು ಕೊಟ್ಟಳು. ಓಡಿ ತಂದರೂ ಅದನ್ನು ತಿನ್ನುವ ಶಕ್ತಿಯು ತಾಯಿಗೆ ಉಳಿದಿರಲಿಲ್ಲ. ಕೆಲವು ದಿವಸಗಳಲ್ಲಿ ಅವರು ಗತಿಸಿದರು. ಶವವನ್ನು ಮೂರು ಮೈಲಿ ದೂರದ ಸ್ಮಶಾನಕ್ಕೆ ಹೊರುವದಕ್ಕೆ ಜನ ಸಿಕ್ಕಲಿಲ್ಲ. ಕರುಣೆಗೊಂಡ ಇಬ್ಬರು ಬಂದರು, ಮಗ ಶ್ರೀನಿವಾಸನು ಮೂರನೆಯವನು, ರಮಾಬಾಯಿಯವರೇ ನಾಲ್ಕನೆಯವರು. ಕುಳ್ಳಾಗಿದ್ದ ಅವರು ಚಟ್ಟದ ತಮ್ಮ ಪಾಲನ್ನು ಹೆಗಲಿನ ಮೇಲಲ್ಲ, ತಲೆಯ ಮೇಲೆ ಹೊತ್ತರು.

ಮುಂದಿನದು ಅನೇಕರಿಗೆ ತಿಳಿದದ್ದೇ. ಅಣ್ಣನೂ ತಂಗಿಯೂ ಕಾಲ್ನಡೆಯಿಂದ ದೇಶ ಸುತ್ತಿದರು. ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳು ರಮಾಬಾಯಿಯವರಿಗೆ ಬಂದವು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿದನು. ಅದೇ ವರ್ಷ ಅನ್ಯ ಜಾತಿಯ ಬಂಗಾಳಿ ವಕೀಲರಾದ ಬಿಪಿನ್ ಬಿಹಾರಿಯವರನ್ನು ಸ್ವಂತ ಇಚ್ಛೆಯಿಂದ ವರಿಸಿದರು. 1881ರಲ್ಲಿ ಮನೋರಮಾ ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಯಿಂದ ಮಡಿದರು. ಇಪ್ಪತ್ತನಾಲ್ಕು ವರ್ಷವೂ ತುಂಬದ ವಿಧವೆ, ಕೈಯಲ್ಲಿ ಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ವಾಂಟೇಜಿನಲ್ಲಿ ಮಗಳ ಸಮೇತ ದೀಕ್ಷಾಸ್ನಾನ ಹೊಂದಿದರು. ಆದರೆ ಹೊಸ ಹಿರಿಯರಿಗೂ ಅವರು ಸುಮ್ಮನೆ ತಲೆಬಾಗಿದವರಲ್ಲ. ಮಗಳಿಗೆ ಯಾವದನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ತಮ್ಮ ಮನಸ್ಸಾಕ್ಷಿಯನ್ನು ಅವರು ಇನ್ನೊಬ್ಬರ ಕೈಗೆ ಕೊಡಲಿಲ್ಲ, ಸಸ್ಯಾಹಾರವನ್ನೂ ಬಿಡಲಿಲ್ಲ. ಇದನ್ನು ಅಹಂಕಾರವೆಂದು ಎಣಿಸಿದವರುಂಟು. ನನಗೆ ಅದು ಗಂಗಾಮೂಲದ ತಾಯಿಯ ಸ್ವಭಾವವೆಂದೇ ತೋರುವದು.

1887ರಲ್ಲಿ ಅಮೆರಿಕೆಯಲ್ಲಿ, ಉಚ್ಚ ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕವು ಹೊರಟಿತು. ಪಂಡಿತರ ಮನ್ನಣೆ ಪಡೆದ ಮಗಳು ಅದನ್ನು ಲಕ್ಷ್ಮೀಬಾಯಿ ಡೋಂಗ್ರೆಯವರ ಸ್ಮರಣೆಗೆ ಅರ್ಪಿಸಿದಳು. ತುಂಡು ರೊಟ್ಟಿಗಾಗಿ ಹಂಬಲಿಸಿ ಸತ್ತ ತಾಯಿಯ ಹೆಸರು ಹೀಗೆ ಸಮುದ್ರದಾಚೆಯ ಮನೆಗಳಲ್ಲಿ ಓದಲ್ಪಟ್ಟಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನವು ಆರಂಭವಾಗಿ, ಮರುವರ್ಷ ಪುಣೆಗೆ ಸಾಗಿತು. ಅಲ್ಲಿ ಮತವನ್ನು ಕಲಿಸುವದಿಲ್ಲವೆಂಬ ನಿಯಮವಿತ್ತು. ಆದರೆ ರಮಾಬಾಯಿಯವರು ಪ್ರಾರ್ಥಿಸುವಾಗ ತಮ್ಮ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ; ಹುಡುಗಿಯರು ಬಂದು ಕೂಡ್ರುತ್ತಿದ್ದರು. 1893ರಲ್ಲಿ ಗುಲ್ಲೆದ್ದು, ರಾನಡೆ, ಭಂಡಾರಕರರಂಥ ಹಿತೈಷಿಗಳೂ ಸಲಹೆಗಾರರ ಸ್ಥಾನವನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ಆ ಪೋಷಕರನ್ನು ನಾನು ಹಳಿಯಲಾರೆನು. ತಮ್ಮ ಮಗಳು ತಮ್ಮಿಂದ ದೂರವಾದಾಳೆಂಬ ಭಯವು ಪ್ರೀತಿಯಿಂದಲೇ ಹುಟ್ಟುವದು. ರಮಾಬಾಯಿಯವರು ಉಳಿದ ಹುಡುಗಿಯರೊಡನೆ ಕೆಲಸವನ್ನು ಮುಂದುವರಿಸಿದರು.

1896-97ರ ಕ್ಷಾಮದಲ್ಲಿ ತಾವೇ ಮಧ್ಯಪ್ರಾಂತದ ಊರುಗಳಿಗೆ ಹೋಗಿ ನೂರಾರು ಅನಾಥ ಬಾಲೆಯರನ್ನು ಕೇಡಗಾಂವಕ್ಕೆ ತಂದರು. ಹಸಿವೆಂದರೆ ಏನೆಂಬದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1900ರ ಕ್ಷಾಮದ ತರುವಾಯ ಮುಕ್ತಿಯಲ್ಲಿ ಸಾವಿರಕ್ಕೂ ಮಿಕ್ಕಿ ಜನರಾದರು. ಶಾಲೆ, ಮಗ್ಗ, ಅಚ್ಚುಕೂಟ, ತೋಟ, ಕುರುಡರಿಗೆ ಓದು, ಎಲ್ಲವೂ ಅಲ್ಲಿ ನಡೆದವು.

ಮನೋರಮಾಬಾಯಿಯವರು ವಿದೇಶದಲ್ಲಿ ಕಲಿತು, ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದು, ತಾಯಿಯ ಬಲಗೈಯಾದರು. ಅವರು ಬಯಸಿದ್ದರೆ ಬೇರೆ ಜೀವನವು ದೊರೆಯುತ್ತಿತ್ತು. ಶಾರದಾ ಸದನದ ಮುಖ್ಯಸ್ಥಾನವನ್ನು ವಹಿಸಿದರು. ಆಮೇಲೆ ಕಲಬುರಗಿಯ ಶಾಲೆಯನ್ನೂ ಕೈಗೆತ್ತಿಕೊಂಡರು. ಬಲವಾದ ಮನಸ್ಸಿನ ತಾಯಿಗೆ ಮಗಳಾಗಿರುವದು ಸುಲಭವಲ್ಲ. ಅವರು ಗ್ರಂಥವನ್ನು ಅರ್ಪಿಸಲಿಲ್ಲ; ತಮ್ಮ ದಿವಸಗಳನ್ನು ಕೊಟ್ಟರು.

ಮುಪ್ಪಿನಲ್ಲಿ ರಮಾಬಾಯಿಯವರು ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುತ್ತಿದ್ದರು. ಮುಕ್ತಿಯ ಭಾರವನ್ನು ಮಗಳಿಗೆ ಒಪ್ಪಿಸಬೇಕೆಂದು ಅವರ ಎಣಿಕೆಯಿತ್ತು. ಆದರೆ 1921ರ ಜುಲೈ 24ರಂದು, ನಾಲ್ವತ್ತನೆಯ ವಯಸ್ಸಿನಲ್ಲಿ, ಮನೋರಮಾಬಾಯಿಯವರು ತೀರಿಹೋದರು. ತಾಯಿಯು ಭಾಷಾಂತರದ ಕೆಲಸಕ್ಕೆ ತಿರುಗಿ ಕೂತರು. ಎಂಟು ತಿಂಗಳು ಕಳೆದು, 1922ರ ಎಪ್ರಿಲ್ 5ರಂದು ಅವರೂ ಕೇಡಗಾಂವದಲ್ಲಿ ಕಣ್ಣು ಮುಚ್ಚಿದರು.