ಪಲ್ವಂಕರ್ ಬಾಲೂ: ಧಾರವಾಡದಲ್ಲಿ ಹುಟ್ಟಿದ ಸ್ಪಿನ್ ಬೌಲರ್

ಕರ್ನಾಟಕದ ಕ್ರಿಕೆಟ್ ಎಂದರೆ ನಮಗೆ ಕುಂಬ್ಳೆ, ದ್ರಾವಿಡ್ ನೆನಪಾಗುತ್ತಾರೆ. ಅವರಿಗಿಂತ ಸುಮಾರು ನೂರು ವರ್ಷ ಮೊದಲು, 1870ರ ದಶಕದಲ್ಲಿ, ಧಾರವಾಡದಲ್ಲಿ ಒಬ್ಬ ದೊಡ್ಡ ಎಡಗೈ ಸ್ಪಿನ್ ಬೌಲರ್ ಹುಟ್ಟಿದರು. ಅವರೇ ಪಲ್ವಂಕರ್ ಬಾಲೂ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಕುಟುಂಬ ಚಮ್ಮಾರ ಸಮುದಾಯದ್ದು. ಆ ಕಾಲದಲ್ಲಿ ಅವರನ್ನು ಯಾರೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಪುಣೆಯಲ್ಲಿ ಬಾಲೂ ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿಗೆ ಪಿಚ್ ಗುಡಿಸುವ ಕೆಲಸ ಮಾಡಿದರು. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡುವುದು. ಗ್ರೇಗ್ ಎಂಬ ಇಂಗ್ಲಿಷ್ ಬ್ಯಾಟ್ಸ್‌ಮನ್ ತನ್ನನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದನಂತೆ. ಕಾಮರ್ಸ್ ವಿದ್ಯಾರ್ಥಿಯಾದ ನಾನು ಲೆಕ್ಕ ಹಾಕಿದೆ: ಎಂಟು ವಿಕೆಟ್ ಬಿದ್ದರೆ ಒಂದು ತಿಂಗಳ ಸಂಬಳ! ಆದರೆ ಅಷ್ಟು ದಿನ ಬೌಲಿಂಗ್ ಮಾಡಿದವರ ಕೈಗೆ ಅಲ್ಲಿ ಯಾರೂ ಬ್ಯಾಟ್ ಕೊಡಲಿಲ್ಲ.

ಬಾಲೂ ಇಲ್ಲದೆ ಬಿಳಿಯರನ್ನು ಸೋಲಿಸಲು ಆಗದು ಎಂದು ಪುಣೆಯ ಹಿಂದೂ ತಂಡದವರಿಗೆ ಗೊತ್ತಾಯಿತು. ಚರ್ಚೆ ನಡೆದು ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಬಾಲೂಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ. ಊಟಕ್ಕೂ ಬೇರೆ ಜಾಗ. ಆ ಲೋಟ ಕೆಳಗಿಟ್ಟು ಹೋಗಿ ಮತ್ತೆ ಅದೇ ತಂಡಕ್ಕಾಗಿ ವಿಕೆಟ್ ತೆಗೆಯಬೇಕಿತ್ತು. ಸ್ಪಿನ್ ಬೌಲಿಂಗಿನಲ್ಲಿ ಸಿಟ್ಟು ಬೆರಳಿಗೆ ಬಂದರೆ ಲೆಂಗ್ತ್ ತಪ್ಪುತ್ತದೆ. ದೊಡ್ಡಬೆಳವಂಗಲದಲ್ಲಿ ಭಾನುವಾರ ಆಡುವ ನಮಗೆ ಒಂದು ಕ್ಯಾಚ್ ಬಿಟ್ಟವನನ್ನು ಬೈದ ಮೇಲೆ ಓವರ್ ಹೇಗೆ ಹೋಗುತ್ತದೆ ಎಂಬುದು ಗೊತ್ತೇ ಇದೆ.

ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಸಬ್ರ್ ಎನ್ನುತ್ತಾರೆ. ಸುಮ್ಮನೆ ಸಹಿಸುವುದೇ ಸಬ್ರ್ ಎಂದು ಕೆಲವರು ತಿಳಿದಿದ್ದಾರೆ. ಬಾಲೂ ಕುಟುಂಬದ ಕಥೆ ಓದಿದರೆ ನನಗೆ ಹಾಗನಿಸುವುದಿಲ್ಲ.

1896ರಲ್ಲಿ ಪ್ಲೇಗ್ ಬಂದಾಗ ಅವರು ಮುಂಬೈಗೆ ಹೋಗಿ ಹಿಂದೂ ಜಿಮ್ಖಾನಾ ಪರ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲೂ, ತಮ್ಮ ಶಿವರಾಮ್ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆಗ ಬಾಲೂ ವಯಸ್ಸು ಮೂವತ್ತೈದರ ಆಸುಪಾಸು, ಭುಜದ ನೋವು ಬೇರೆ. ಆದರೂ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಸೋಲುವ ತಂಡದಲ್ಲಿದ್ದು ದಿನವೂ ಚೆನ್ನಾಗಿ ಆಡುವುದು, ಗೆಲ್ಲುವ ತಂಡದಲ್ಲಿ ಆಡುವುದಕ್ಕಿಂತ ಕಷ್ಟ ಎಂದು ನನ್ನ ಅಭಿಪ್ರಾಯ.

1912ರಲ್ಲಿ ಮುಸ್ಲಿಂ ತಂಡವೂ ಸೇರಿ ಮುಂಬೈ ಪಂದ್ಯಾವಳಿ ನಾಲ್ಕು ತಂಡಗಳದ್ದಾಯಿತು. ಬಾಲೂ ಹಿರಿಯ ಆಟಗಾರ, ಆದರೆ ಜಾತಿಯ ಕಾರಣದಿಂದ ನಾಯಕ ಸ್ಥಾನ ಮಾತ್ರ ಸಿಗಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕತ್ವದಲ್ಲೂ ಅನ್ಯಾಯವಾಯಿತೆಂದು ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಆಡುವುದಿಲ್ಲ ಎಂದು ಹೊರಗೆ ನಿಂತರು. ಆಗ ಜಿಮ್ಖಾನಾದವರು ಬಗ್ಗಬೇಕಾಯಿತು: ಬಾಲೂ ಉಪನಾಯಕರಾಗಿ ತಂಡಕ್ಕೆ ಮರಳಿದರು. ಇಷ್ಟು ವರ್ಷ ತಡೆದಿಟ್ಟ ಸಿಟ್ಟು ಸರಿಯಾದ ದಿನ, ಸರಿಯಾದ ಕಡೆ ಕೆಲಸ ಮಾಡಿತು. 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು, ಆ ವರ್ಷ ಕಪ್ ಕೂಡ ಗೆದ್ದರು.

ಬಾಲೂ ಮುಂದೆ ರಾಜಕೀಯಕ್ಕೆ ಬಂದರು. 1937ರ ಚುನಾವಣೆಯಲ್ಲಿ ಅಂಬೇಡ್ಕರ್ ಅವರ ವಿರುದ್ಧವೇ ನಿಂತು ಸೋತರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ಆಟದ ವಯಸ್ಸು ಮುಗಿದಿತ್ತು. 1955ರಲ್ಲಿ ತೀರಿಕೊಂಡರು.