ತುಪ್ಪದ ಹನಿಯ ಕೆಳಗೆ ಬೆಳೆದ ಮದ್ದು

ಗದಗದಿಂದ ಹೊಟಗಿಯ ಕಡೆಗೆ ರೈಲಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಹೊಂಬಳ ಸಿಗುತ್ತದೆ. ಜೋಳ, ಹತ್ತಿ ಬೆಳೆಯುವ ಎರೆಭೂಮಿ. 1880ರ ದಶಕದಲ್ಲಿ ಈ ಭಾಗಕ್ಕೆ ಬಂದ ಹಳಿಗಳು ನಮ್ಮ ಹತ್ತಿಯನ್ನು ದೂರದ ಪೇಟೆಗಳಿಗೆ ಒಯ್ದವು, ಅಲ್ಲಿಯ ಸರಕನ್ನು ನಮ್ಮೂರಿಗೆ ತಂದವು. ಸರಕಿನ ಜೊತೆಗೆ ಬಾರದ್ದೂ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷ ಕಳೆಯುವುದರೊಳಗೆ ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಮುಟ್ಟಿತ್ತು.

ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಸುಡುವ ಜ್ವರ. ಮೂರು ನಾಲ್ಕು ದಿನಗಳಲ್ಲಿ ಮನೆಯ ದುಡಿಯುವ ಆಳು ಇಲ್ಲ. ಮಾಡಿನಿಂದ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕೆಂಬುದನ್ನು ಜನ ಅನುಭವದಿಂದಲೇ ಕಲಿತಿದ್ದರು. ಬಾಗಿಲಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಇದರಲ್ಲಿ ಎಷ್ಟು ವಿವೇಕವಿತ್ತೆಂಬುದು ಆಮೇಲೆ ತಿಳಿಯಿತು. ಪ್ಲೇಗು ಮೂಲತಃ ಇಲಿಗಳ ರೋಗ. ಇಲಿ ಸತ್ತು ತಣ್ಣಗಾದಾಗ ಅದರ ಮೈಮೇಲಿನ ಚಿಗಟಗಳು ಬೇರೆ ಬಿಸಿ ರಕ್ತ ಹುಡುಕಿ ಮನುಷ್ಯನನ್ನು ಕಚ್ಚುತ್ತವೆ. ಫ್ರಾನ್ಸಿನ ಸಿಮೊನ್ ಎಂಬ ವೈದ್ಯರು ಇದನ್ನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಬಹಳ ಮಂದಿ ವರ್ಷಗಟ್ಟಲೆ ನಂಬಲಿಲ್ಲ. ಕಾಳು ತುಂಬಿದ ಹಗೇವು, ಹತ್ತಿಯ ಅಂಡಿಗೆ ಎಲ್ಲವೂ ಇಲಿಗೆ ತವರುಮನೆಯೇ. ಆ ಸಾವಿಗೆ ಅಡ್ಡ ನಿಂತ ಒಬ್ಬರ ಕಥೆ ಇದು. ಅವರ ಹೆಸರು ವಾಲ್ಡೆಮಾರ್ ಹಾಫ್ಕಿನ್.

1860ರ ಮಾರ್ಚ್ 15ರಂದು ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದ ಯೆಹೂದಿ ಕುಟುಂಬದಲ್ಲಿ ಹಾಫ್ಕಿನ್ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ವಿಜ್ಞಾನಿ ಮೆಚ್ನಿಕೋವ್ ಅವರ ಕೈಕೆಳಗೆ ಪ್ರಾಣಿಶಾಸ್ತ್ರ ಕಲಿತರು. ಯೆಹೂದಿಗಳ ಮೇಲೆ ದಂಗೆ ನಡೆದಾಗ ತಮ್ಮವರ ರಕ್ಷಣೆಗೆ ನಿಂತು ಬಂಧನಕ್ಕೂ ಒಳಗಾದರು. ಪಾಂಡಿತ್ಯಕ್ಕೆ ತಕ್ಕ ಹುದ್ದೆ ಸಿಗಬೇಕಾದರೆ ತಮ್ಮ ಧರ್ಮ ಬಿಟ್ಟು ರಷ್ಯಾದ ಸರ್ಕಾರಿ ಸಭೆಯನ್ನು ಸೇರಬೇಕಿತ್ತು. ಅವರು ಒಪ್ಪಲಿಲ್ಲ. ದೇಶ ಬಿಟ್ಟು ಮೊದಲು ಜಿನೀವಾಕ್ಕೆ, ಆಮೇಲೆ 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಅಲ್ಲಿ ಸಿಕ್ಕಿದ್ದು ಪುಸ್ತಕಾಲಯದ ಕೆಲಸ. ಪುಸ್ತಕ ಜೋಡಿಸುವ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಪ್ರಯೋಗ.

ಆ ಬಿಡುವಿನ ಪ್ರಯೋಗಗಳಿಂದಲೇ ಕಾಲರಾ ಲಸಿಕೆ ಹುಟ್ಟಿತು. 1892ರ ಜುಲೈ 18ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತೆಗೆ ಬಂದು, ಎರಡು ವರ್ಷಗಳಲ್ಲಿ ಉತ್ತರ ಭಾರತದ 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಅವರು ವೈದ್ಯಕೀಯ ಓದಿದವರಲ್ಲ, ಪ್ರಾಣಿಶಾಸ್ತ್ರದವರು. ಅದರ ಮೇಲೆ ಪರದೇಶಿ, ಯೆಹೂದಿ. ಬ್ರಿಟಿಷ್ ವೈದ್ಯಾಧಿಕಾರಿಗಳಲ್ಲಿ ಕೆಲವರಿಗೆ ಇದು ಕಣ್ಣಿಗೆ ಬಿದ್ದ ಕಸದಂತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1896ರ ಅಕ್ಟೋಬರದಲ್ಲಿ ಸರ್ಕಾರ ಅವರನ್ನು ಮುಂಬಯಿಗೆ ಕಳಿಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಪರಿವಾರ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಎರಡು ವರ್ಷ ಹಿಂದೆಯಷ್ಟೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಅದನ್ನು ಹೇರಳವಾಗಿ ಬೆಳೆಸಿ, ಕೊಂದು, ಮದ್ದು ಮಾಡಬೇಕಿತ್ತು.

ಅವರು ಕಂಡುಕೊಂಡ ಉಪಾಯ ನಮ್ಮ ಅಡಿಗೆಮನೆಯದೇ. ಗಾಜಿನ ಬುರುಡೆಯಲ್ಲಿ ಮಾಂಸದ ಸಾರು. ಅದರ ಮೇಲೆ ನಾಲ್ಕು ಹನಿ ತುಪ್ಪ. ಗೋಮಾಂಸ, ಹಂದಿಮಾಂಸವೆಂದರೆ ಜನ ಲಸಿಕೆಯನ್ನು ಮುಟ್ಟುವುದಿಲ್ಲವೆಂದು ಆಡಿನ ಮಾಂಸದಿಂದಲೇ ಸಾರು ತಯಾರಿಸುವ ಕ್ರಮ ಮಾಡಿದರು. ತುಪ್ಪದ ಹನಿ ಸಾರಿನ ಮೇಲೆ ತೇಲುತ್ತದೆ. ಕ್ರಿಮಿಗಳು ಅದರ ಅಡಿಗೆ ಅಂಟಿಕೊಂಡು, ಆಲದ ಮರದ ಬಿಳಲಿನಂತೆ ಕೆಳಗೆ ಇಳಿಯುತ್ತವೆ. ಬುರುಡೆಯನ್ನು ಮೆಲ್ಲಗೆ ಅಲುಗಿಸಿದರೆ ಬಿಳಲುಗಳು ಕಳಚಿ ತಳ ಸೇರುತ್ತವೆ. ಮೇಲೆ ಹೊಸ ಬಿಳಲು ಶುರು. ಹೀಗೆ ಸುಮಾರು ಆರು ವಾರ. ಬಳಿಕ ಬುರುಡೆಯನ್ನು 65ರಿಂದ 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟು ಕ್ರಿಮಿಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ.

ಸತ್ತ ಕ್ರಿಮಿ ಹೇಗೆ ಕಾಪಾಡೀತು ಎಂದು ಕೇಳಬಹುದು. ಊರ ಕಾವಲುಗಾರನಿಗೆ ಕಳ್ಳನ ಹೆಣ ತೋರಿಸಿ ಮುಖದ ಗುರುತು ಹಿಡಿಸಿದಂತೆ ಇದು. ಹೆಣ ಏನನ್ನೂ ಕದಿಯಲಾರದು. ಆದರೆ ನಾಳೆ ಅದೇ ಮುಖದ ಕಳ್ಳ ಬಂದರೆ ಕಾವಲುಗಾರ ತಡಮಾಡುವುದಿಲ್ಲ. ನಮ್ಮ ರಕ್ತವೂ ಸತ್ತ ಕ್ರಿಮಿಯ ಗುರುತು ಹಿಡಿದು, ಜೀವಂತ ಕ್ರಿಮಿ ಬರುವ ಮೊದಲೇ ಅದಕ್ಕೆ ತಕ್ಕ ಪ್ರತಿವಸ್ತುಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಚುಚ್ಚಿದ ದಿನ ಬರುವ ಜ್ವರ, ತೋಳಿನ ಬಾವು ಈ ತಯಾರಿಯ ಗದ್ದಲ. 2021ರಲ್ಲಿ ನಮ್ಮಲ್ಲಿ ಅನೇಕರು ಹಾಕಿಸಿಕೊಂಡ ಕೊವ್ಯಾಕ್ಸಿನ್ ಕೂಡ ನಿಷ್ಕ್ರಿಯಗೊಳಿಸಿದ ರೋಗಾಣುವಿನಿಂದಲೇ ಮಾಡಿದ್ದು.

1897ರ ಜನವರಿ 10ರಂದು ಹಾಫ್ಕಿನ್ ಈ ಲಸಿಕೆಯನ್ನೂ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು, ಅದೂ ಮುಂದೆ ಇತರರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಜ್ವರ ಬಂತು, ಇಳಿಯಿತು. ಅದೇ ತಿಂಗಳು ಬೈಕುಲಾ ಸೆರೆಮನೆಗೆ ಪ್ಲೇಗು ಹೊಕ್ಕಾಗ, ತಾವಾಗಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿದರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ರೋಗ ತಗುಲಿ ಇಬ್ಬರೂ ಬದುಕಿದರು. ಹಾಕಿಸಿಕೊಳ್ಳದವರಲ್ಲಿ 12 ಮಂದಿ ಕಾಯಿಲೆ ಬಿದ್ದು 6 ಮಂದಿ ಸತ್ತರು.

ಇಷ್ಟಾದರೂ ಜನ ಸುಲಭವಾಗಿ ನಂಬಿದರೆಂದು ತಿಳಿಯಬಾರದು. 1897ರ ಸಾಂಕ್ರಾಮಿಕ ರೋಗ ಕಾಯಿದೆಯ ಬಲದಿಂದ ಸರ್ಕಾರದವರು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದ ಕಾಲ. ಅದೇ ಸರ್ಕಾರ ಸೂಜಿ ಹಿಡಿದು ಬಂದರೆ ಯಾವ ತಾಯಿ ಮಗುವಿನ ತೋಳು ಒಡ್ಡಿಯಾಳು? ಅಳುಕಿದವರನ್ನು ಮೂಢರೆನ್ನುವುದು ನ್ಯಾಯವಲ್ಲ. ಹಾಫ್ಕಿನ್ ಬಲಾತ್ಕಾರವನ್ನು ನೆಚ್ಚಲಿಲ್ಲ. ತಾವೇ ಚುಚ್ಚಿಕೊಂಡು ತೋರಿಸಿ, ಊರಿನ ಹಿರಿಯರನ್ನು ಒಪ್ಪಿಸುವುದು ಅವರ ದಾರಿ. ಮುಂಬಯಿಯಲ್ಲಿ ಆಗಾಖಾನರು ಬಹಿರಂಗವಾಗಿ ಲಸಿಕೆ ಹಾಕಿಸಿಕೊಂಡಾಗ ಖೋಜಾ ಸಮುದಾಯದವರು ಗುಂಪುಗುಂಪಾಗಿ ಬಂದರು.

ಆದರೆ ಈ ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ನೆಲದಲ್ಲೇ. 1898ರ ಬೇಸಿಗೆ ಮತ್ತು ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರ್ಕಾರಿ ವೈದ್ಯರು ಸುಮಾರು 38 ಸಾವಿರ ಜನರಿಗೆ ಲಸಿಕೆ ಹಾಕಿದರು. ಆಗ ಊರಿನ ಜನಸಂಖ್ಯೆ 50 ಸಾವಿರದ ಆಸುಪಾಸು. ಎಂದರೆ ಹೆಚ್ಚುಕಡಿಮೆ ಊರಿಗೆ ಊರೇ ತೋಳು ಒಡ್ಡಿತು. ಧಾರವಾಡ, ಗದಗಗಳಲ್ಲೂ ಕೆಲಸ ನಡೆಯಿತು. ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯೆ ಈ ಜಿಲ್ಲೆಯಲ್ಲಿ ಸಾವಿರಾರು ಜನರಿಗೆ ಲಸಿಕೆ ಕೊಟ್ಟರು. ಸರ್ಕಾರ ನೇಮಿಸಿದ ಪ್ಲೇಗ್ ಆಯೋಗ ಹಾಫ್ಕಿನ್ನರ ಕೆಲವು ಅಂಕಿಗಳನ್ನು ಪ್ರಶ್ನಿಸಿತು. ಆದರೆ ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆಂದು ಒಪ್ಪಿತು. ಪೂರ್ತಿ ರಕ್ಷಣೆ ಅದರಿಂದ ಇರಲಿಲ್ಲ. ಅದರ ಬಲ ಕೆಲವು ತಿಂಗಳಷ್ಟೇ.

1899ರಲ್ಲಿ ಮುಂಬಯಿಯ ಪರೇಲಿನ ಹಳೆಯ ಸರ್ಕಾರಿ ಭವನ ಅವರ ಪ್ರಯೋಗಾಲಯವಾಯಿತು. ಲಕ್ಷಗಟ್ಟಲೆ ಮೊತ್ತದ ಲಸಿಕೆ ಅಲ್ಲಿಂದ ಹೊರಟಿತು. ಆಗಲೇ ಪೆಟ್ಟು ಬಿತ್ತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. 19 ಮಂದಿಗೂ ಲಸಿಕೆ ಹೋದದ್ದು ಒಂದೇ ಶೀಶೆಯಿಂದ. ಲಸಿಕೆ ತಯಾರಿಕೆಯಲ್ಲಿ ಮಾಡಿದ ಬದಲಾವಣೆಯೇ ಕಾರಣವೆಂದು ತನಿಖೆಯವರು ಬೊಟ್ಟು ಮಾಡಿದರು. ಹಾಫ್ಕಿನ್ ಹುದ್ದೆ ಕಳೆದುಕೊಂಡು, 19 ಕುಟುಂಬಗಳ ಶಾಪ ಹೊತ್ತವರಂತೆ ಇಂಗ್ಲೆಂಡಿಗೆ ಹೋದರು.

ನಿಜ ಬೇರೆಯೇ ಇತ್ತು. ಧನುರ್ವಾಯುವಿನ ಬೀಜಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಶೀಶೆಯ ಬೂಚು ಕೀಳುವ ಚಿಮಟ ಆ ದಿನ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿದು ಶುದ್ಧಮಾಡದೆ, ಬರಿಯ ಔಷಧಿ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದರು. ವಿಷ ಪರೇಲಿನಲ್ಲೇ ಸೇರಿದ್ದರೆ, ಅಷ್ಟು ದಿನ ಮುಚ್ಚಿಟ್ಟ ಶೀಶೆ ತೆರೆದಾಗ ದುರ್ನಾತ ಹೊಡೆಯಬೇಕಿತ್ತು. ಹೊಡೆದಿರಲಿಲ್ಲ. ಈ ಸಂಗತಿಗಳೆಲ್ಲ ಕಡತದಲ್ಲೇ ಇದ್ದರೂ ಹೊರಬರಲು ವರ್ಷಗಳು ಹಿಡಿದವು. 1907ರ ಜುಲೈಯಲ್ಲಿ, ಮಲೇರಿಯಾದ ಗುಟ್ಟು ಬಯಲು ಮಾಡಿದ ರೊನಾಲ್ಡ್ ರಾಸ್ ಮೊದಲಾದ 10 ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಹಾಫ್ಕಿನ್ ನಿರಪರಾಧಿಯೆಂದರು. ಅದೇ ವರ್ಷದ ನವೆಂಬರದಲ್ಲಿ ಸರ್ಕಾರ ಕಳಂಕ ತೊಡೆಯಿತು.

ಕಲ್ಕತ್ತೆಯಲ್ಲಿ ಕೆಲಸ ಕೊಟ್ಟರು. ಪರೇಲಿನ ಪ್ರಯೋಗಾಲಯವನ್ನು ಮಾತ್ರ ಹಿಂದಿರುಗಿಸಲಿಲ್ಲ. ತಾನೇ ಕಟ್ಟಿದ ಮನೆಯ ಬಾಗಿಲಲ್ಲಿ ಅತಿಥಿಯಂತೆ ನಿಲ್ಲಬೇಕಾಯಿತು. ಕೆಲವು ವರ್ಷಗಳ ಬಳಿಕ ನಿವೃತ್ತರಾಗಿ ಯೂರೋಪಿಗೆ ಮರಳಿದರು. ಇತ್ತ ಅವರ ಲಸಿಕೆ ಮಾತ್ರ ನಿಲ್ಲಲಿಲ್ಲ: 1925ರ ವರೆಗೆ ಮುಂಬಯಿಯಿಂದ ಹೊರಟದ್ದು 2 ಕೋಟಿ 60 ಲಕ್ಷ ಮೊತ್ತ. ಆ ವರ್ಷವೇ ಪರೇಲಿನ ಸಂಸ್ಥೆಗೆ ಅವರ ಹೆಸರಿಟ್ಟರು. ಪ್ಲೇಗಿಗೆ ಈಗ ಪ್ರತಿಜೀವಕ ಔಷಧಿಗಳಿವೆ. ಹಳೆಯ ಲಸಿಕೆ ಬಳಕೆಯಲ್ಲಿಲ್ಲ. ಹಾಫ್ಕಿನ್ ಸಂಸ್ಥೆ ಅದೇ ಭವನದಲ್ಲಿದೆ.

ಮದುವೆಯಾಗದೆ ಉಳಿದ ಅವರು ಕಡೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗಳನ್ನು ಶ್ರದ್ಧೆಯಿಂದ ಪಾಲಿಸಿದರು. ತಮ್ಮ ಉಳಿತಾಯವನ್ನು ಪೂರ್ವ ಯೂರೋಪಿನ ಯೆಹೂದಿ ಧರ್ಮಪಾಠಶಾಲೆಗಳಿಗಾಗಿ ತೆಗೆದಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೂಸಾನ್ ಪಟ್ಟಣದಲ್ಲಿ ತೀರಿಕೊಂಡರು.