ಹೆತ್ತ ತಪ್ಪಿಗೆ... ಬಾ ಎಳೆದ ಗೆರೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ರಜೆಯಲ್ಲಿ ಮಕ್ಕಳಿಗೆ ಮ್ಯೂಸಿಯಂ ತೋರಿಸೋಕೆ, ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗೋಕೆ ಅದೇ ದಾರಿ. ಕಸ್ತೂರಬಾ ಅಂದರೆ ಗಾಂಧೀಜಿಯ ಹೆಂಡತಿ, ಬಿಳಿ ಖಾದಿ ಸೀರೆ, ಚರಕ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಇಷ್ಟೇ. ಕುಡಿತಕ್ಕೆ ಬಿದ್ದ ಮಗನೊಬ್ಬನ ತಾಯಿಯಾಗಿ ಆಕೆ ಎಷ್ಟು ರಾತ್ರಿ ನಿದ್ದೆ ಕೆಟ್ಟರು ಅನ್ನೋದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ಬೆಳೆದ ಮಗ ಕುಡಿತ, ಸಾಲ ಅಂತ ದಾರಿ ತಪ್ಪಿದಾಗ ತಾಯಿಗೆ ಎರಡು ಕಡೆಯಿಂದ ಪೆಟ್ಟು. ನೆಂಟರು, ಸಾಕಿದ್ದೇ ಸರಿ ಇಲ್ಲ ಅಂತಾರೆ. ಮಗನೂ ಅದನ್ನೇ ಅಂತಾನೆ. ಒಳಗೆ ಕೂತ ಮನಸ್ಸೂ ಹೌದೇನೋ ಅನ್ನುತ್ತೆ. ಆ ತಪ್ಪು ಕಟ್ಟಿಕೊಳ್ಳೋಕೆ ಅಂತ ಬಳೆ ಅಡವಿಟ್ಟು ಅವನ ಸಾಲ ತೀರಿಸುವ ತಾಯಂದಿರು ನಮ್ಮ ನಡುವೆ ಎಷ್ಟಿಲ್ಲ! ಅಂಥವರಿಗೆ ಈ ಕಥೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಗುಜರಾತಿನ ಪೋರಬಂದರಿನಲ್ಲಿ, ವ್ಯಾಪಾರಸ್ಥರ ಮನೆಯಲ್ಲಿ. ಹದಿಮೂರರ ಆಸುಪಾಸಿನಲ್ಲಿ ಮದುವೆ. ಗಂಡನಿಗೂ ಅಷ್ಟೇ ವಯಸ್ಸು. ಮೊದಲ ಕೂಸು ಮೂರು ನಾಲ್ಕು ದಿನವೂ ಉಳಿಯಲಿಲ್ಲ. ಆಮೇಲೆ 1888ರಲ್ಲಿ ಹರಿಲಾಲ ಹುಟ್ಟಿದ. ಅವನಿನ್ನೂ ಮಗ್ಗುಲು ಹೊರಳುವ ಕಾಲಕ್ಕೆ ಅಪ್ಪ ಬ್ಯಾರಿಸ್ಟರ್ ಓದೋಕೆ ಲಂಡನ್ ಹಡಗು ಹತ್ತಿದರು. ವಾಪಸ್ ಬಂದದ್ದು 1891ರಲ್ಲಿ. 1893ರಲ್ಲಿ ಮತ್ತೆ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಹರಿಲಾಲನಿಗೆ ಎಂಟು ತುಂಬಿತ್ತು. ಅಪ್ಪನ ಮುಖವನ್ನು ಸರಿಯಾಗಿ ನೋಡಿದ್ದೇ ಆಗ ಅನ್ನಬಹುದು.

ಡರ್ಬನ್‌ನಲ್ಲಿ ಮಕ್ಕಳ ಓದಿನ ಪ್ರಶ್ನೆ ಬಂತು. ಯುರೋಪಿಯನ್ ಮಕ್ಕಳ ಶಾಲೆಗೆ ಗಾಂಧೀಜಿಯ ಮಕ್ಕಳನ್ನು ಮಾತ್ರ ವಿಶೇಷವಾಗಿ ಸೇರಿಸಿಕೊಳ್ಳುತ್ತಿದ್ದರು. ಬೇರೆ ಭಾರತೀಯರ ಮಕ್ಕಳಿಗೆ ಪ್ರವೇಶವಿರಲಿಲ್ಲ. ಅಂಥ ಶಾಲೆ ನಮಗೂ ಬೇಡ ಎಂದರು ಅವರು. ತಿಂಗಳಿಗೆ 7 ಪೌಂಡ್ ಕೊಟ್ಟು ಒಬ್ಬ ಇಂಗ್ಲಿಷ್ ಶಿಕ್ಷಕಿಯನ್ನು ಇಟ್ಟು ನೋಡಿದರು, ಅದೂ ಬಹಳ ದಿನ ನಡೆಯಲಿಲ್ಲ. ಮುಂದೆ ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಆಫೀಸಿಗೆ ನಡೆದು ಹೋಗಿಬರುವ ದಾರಿಯಲ್ಲೇ ಮಕ್ಕಳಿಗೆ ಬಾಯಿಪಾಠ. ಎಲ್ಲರ ಮಕ್ಕಳ ಹಾಗೆ ನನ್ನ ಮಕ್ಕಳೂ ಸ್ಕೂಲಿಗೆ ಹೋಗಲಿ ಅಂತ ಬಾ ಆಸೆಪಟ್ಟರು. ನಡೆಯಲಿಲ್ಲ.

ಒಡವೆ ವಿಷಯದಲ್ಲೂ ಹೀಗೇ ಆಯಿತು. 1901ರಲ್ಲಿ ಭಾರತಕ್ಕೆ ಹೊರಟಾಗ ಅಲ್ಲಿನ ಜನ ಕೊಟ್ಟ ಉಡುಗೊರೆಗಳಲ್ಲಿ 50 ಗಿನಿ ಬೆಲೆಯ ಚಿನ್ನದ ಹಾರವೂ ಇತ್ತು. ಅದು ಬಾಗೆಂದೇ ಕೊಟ್ಟದ್ದು. ನನಗೆ ಬೇಡದಿದ್ದರೂ ನಾಳೆ ಬರುವ ಸೊಸೆಯರಿಗೆ ಬೇಕಾಗುತ್ತೆ, ನನ್ನ ಒಡವೆಯಂತೂ ಆಗಲೇ ಹೋಯಿತು ಅಂತ ಆಕೆ ಅತ್ತು ಜಗಳ ಆಡಿದರು. ಎಲ್ಲವೂ ಸಾರ್ವಜನಿಕ ಟ್ರಸ್ಟಿಗೆ ಹೋಯಿತು. ಈ ಜಗಳವನ್ನು ಗಾಂಧೀಜಿಯೇ ಬರೆದಿಟ್ಟಿದ್ದಾರೆ. ಓದಿದಾಗೆಲ್ಲ ನನಗೆ ಬಾ ಹೇಳಿದ್ದರಲ್ಲಿ ತಪ್ಪೇನಿತ್ತು ಅನ್ನಿಸುತ್ತೆ.

ಹರಿಲಾಲ ಮೊದಲಿನಿಂದ ಕೆಟ್ಟವನೇನಲ್ಲ. 1906ರಲ್ಲಿ ಗುಲಾಬಳನ್ನು ಮದುವೆಯಾದ. ಅಪ್ಪನ ಸತ್ಯಾಗ್ರಹಕ್ಕೆ ಇಳಿದು ಮತ್ತೆ ಮತ್ತೆ ಜೈಲಿಗೆ ಹೋದ. ದಕ್ಷಿಣ ಆಫ್ರಿಕಾದ ಭಾರತೀಯರು ಅವನನ್ನು ಚಿಕ್ಕ ಗಾಂಧಿ ಅಂತ ಕರೆಯುತ್ತಿದ್ದರು. ಮುರಿದುಬಿದ್ದದ್ದು ಓದಿನ ವಿಷಯಕ್ಕೆ. ಲಂಡನ್‌ನಲ್ಲಿ ಓದಲು ಒಬ್ಬರಿಗೆ ನೆರವು ಕೊಡುತ್ತೇನೆ ಅಂತ ಗಾಂಧೀಜಿಯ ಸ್ನೇಹಿತ ಡಾ. ಪ್ರಾಣಜೀವನ ಮೆಹ್ತಾ ಮುಂದೆ ಬಂದರು. ಗಾಂಧೀಜಿ ಸ್ವಂತ ಮಗನನ್ನು ಬಿಟ್ಟು ಸಂಬಂಧಿಕ ಛಗನ್‌ಲಾಲನನ್ನು ಕಳಿಸಿದರು. ಅವನು ಕಾಯಿಲೆ ಬಿದ್ದು ಅರ್ಧಕ್ಕೇ ವಾಪಸ್ ಬಂದ. ಎರಡನೇ ಸಲವೂ ಅವಕಾಶ ಹೋದದ್ದು ಬೇರೊಬ್ಬ ಯುವಕನಿಗೆ. 1911ರಲ್ಲಿ ಹರಿಲಾಲ ಮನೆ ಬಿಟ್ಟ. ಅಹಮದಾಬಾದಿಗೆ ಬಂದು, ಹೆಂಡತಿ ಮಕ್ಕಳಿರುವ ವಯಸ್ಸಿನಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂತು ಪದೇ ಪದೇ ಫೇಲಾದ. 1915ರಲ್ಲಿ ತನ್ನ ಅಳಲನ್ನೆಲ್ಲ ಅಪ್ಪನಿಗೆ ಪತ್ರವಾಗಿ ಬರೆದು ಅಚ್ಚು ಹಾಕಿಸಿದ.

1918ರ ಇನ್‌ಫ್ಲುಯೆಂಜಾದಲ್ಲಿ ಗುಲಾಬ್ ತೀರಿಕೊಂಡಳು. ಅವನು ಪೂರ್ತಿ ಕೈತಪ್ಪಿದ್ದು ಅಲ್ಲಿಂದ. ವ್ಯಾಪಾರ, ನಷ್ಟ, ಸಾಲ, ಕುಡಿತ. ತಾಯಿಯಿಲ್ಲದ ಮಕ್ಕಳನ್ನು ಬಾ ತಮ್ಮ ಆಶ್ರಮಕ್ಕೆ ಕರೆದುಕೊಂಡರು. ಗುಲಾಬಳ ಸೋದರಿಯೂ ಹೆಗಲು ಕೊಟ್ಟರು. ಐವತ್ತರ ಹತ್ತಿರದಲ್ಲಿ ಬಾ ಮತ್ತೆ ತಲೆ ಬಾಚಿ, ಊಟ ಬಡಿಸುವ ಅಮ್ಮನಾದರು. ಮಗನ ಮೇಲಿನ ಸಿಟ್ಟನ್ನು ಮೊಮ್ಮಕ್ಕಳ ಮೇಲೆ ತೀರಿಸಿಕೊಳ್ಳಲಿಲ್ಲ.

ಇನ್ನು 1925ರ ಸಂಗತಿ. ಹರಿಲಾಲ ನಿರ್ದೇಶಕನಾಗಿದ್ದ ಕಂಪನಿಯೊಂದರಲ್ಲಿ, ಗಾಂಧಿ ಎಂಬ ಹೆಸರು ನಂಬಿ ಲಾಯಲ್‌ಪುರದ ಒಬ್ಬರು ದುಡ್ಡು ಹಾಕಿ ಕೈಸುಟ್ಟುಕೊಂಡರು. ಅವರ ವಕೀಲರು ಗಾಂಧೀಜಿಗೇ ಪತ್ರ ಬರೆದರು. ಗಾಂಧೀಜಿ ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿ ಹಾಕಿ ಉತ್ತರ ಕೊಟ್ಟರು. ಹೌದು, ಅವನು ನನ್ನ ಹಿರಿಮಗ. ಅವನ ವಯಸ್ಸು ಮೂವತ್ತಾರು ದಾಟಿದೆ, ಹದಿನೈದು ವರ್ಷದಿಂದ ಬೇರೆ ಇದ್ದಾನೆ, ಅವನ ವ್ಯವಹಾರಕ್ಕೂ ನನಗೂ ಸಂಬಂಧವಿಲ್ಲ, ದೊಡ್ಡ ಹೆಸರು ನೋಡಿ ಯಾರೂ ದುಡ್ಡು ಹಾಕಬೇಡಿ. ಇದು ಉತ್ತರದ ಸಾರ. ತಪ್ಪುಗಳಿದ್ದರೂ ಅವನ ಮೇಲೆ ಪ್ರೀತಿ ಇದೆ, ಬಂದರೆ ಬಾಗಿಲು ತೆರೆದಿದೆ ಅಂತಲೂ ಅದರಲ್ಲೇ ಇತ್ತು. ಮಗ ನಮ್ಮವನೇ, ಸಾಲ ನಮ್ಮದಲ್ಲ. ನಾವು ಎರಡನ್ನೂ ಕಲಸಿ ಮುದ್ದೆ ಮಾಡಿಬಿಡ್ತೀವಿ.

ಹಾಗಾದರೆ ಅಪ್ಪ ತಪ್ಪು ಒಪ್ಪಿಕೊಳ್ಳಲೇ ಇಲ್ಲವಾ? ಒಪ್ಪಿಕೊಂಡರು, ಅರ್ಧ. 1925ರಿಂದ ವಾರವಾರ ಬರೆದ ಆತ್ಮಕಥೆಯಲ್ಲಿ, ಮಕ್ಕಳಿಗೆ ಸಾಕಷ್ಟು ಓದು ಕೊಡಲಿಲ್ಲ, ಮಕ್ಕಳಿಗೂ ಆ ಕೊರಗಿದೆ, ದೊಡ್ಡವನ ಕೆಟ್ಟ ಗುಣಗಳು ಶಿಸ್ತಿಲ್ಲದ ನನ್ನ ಯೌವನದ ಪ್ರತಿಧ್ವನಿ ಅಂತ ಬರೆದರು. ಜೊತೆಗೇ, ಆದರೆ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಸ್ವಾತಂತ್ರ್ಯದ ಪಾಠ ಸಿಕ್ಕಿತಲ್ಲ ಅಂದರು. ಈ ಆದರೆ ಇದೆಯಲ್ಲ, ಅದೇ ತೊಂದರೆ. ಬೆಳೆದ ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವಾಗ ನಾವೂ ಇದೇ ಮಾಡ್ತೀವಿ. ನಿನ್ನ ಹೊಡೆದಿದ್ದು ಹೌದು, ಆದರೆ ನಿನ್ನ ಒಳ್ಳೇದಕ್ಕೇ... ಮಕ್ಕಳ ಕಿವಿಗೆ ಕೇಳೋದು ಎರಡನೇ ಅರ್ಧ ಮಾತ್ರ. ಹೇಳೋದಿದ್ದರೆ ಮೊದಲ ಅರ್ಧ ಹೇಳಿ ಸುಮ್ಮನಾಗಬೇಕು.

ಇನ್ನೊಂದು ವಿಷಯ ಮರೀಬಾರದು. ಅದೇ ಅಪ್ಪ, ಅದೇ ಅಮ್ಮ. ಮಣಿಲಾಲ, ರಾಮದಾಸ, ದೇವದಾಸ ಕೂಡ ಶಾಲೆಯ ಸುಖ ಕಾಣದೇ ಬೆಳೆದವರು. ಮಣಿಲಾಲ ದಕ್ಷಿಣ ಆಫ್ರಿಕಾದಲ್ಲಿ ಅಪ್ಪನ ಪತ್ರಿಕೆಯನ್ನು 1956ರಲ್ಲಿ ಸಾಯುವವರೆಗೂ ನಡೆಸಿದರು. ದೇವದಾಸ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯ ಸಂಪಾದಕರಾದರು. ಅವರಿಗೂ ನೋವಿರಲಿಲ್ಲ ಅಂತಲ್ಲ. ಆದರೂ ಒಂದೇ ಮನೆಯ ಅನ್ನ ತಿಂದ ನಾಲ್ವರೂ ಒಂದೇ ದಾರಿ ಹಿಡಿಯಲಿಲ್ಲ. ಸಾಕಿದ್ದೇ ಸರಿ ಇಲ್ಲ ಅನ್ನುವ ನೆಂಟರಿಗೆ ಇದನ್ನೊಮ್ಮೆ ಹೇಳಿ ನೋಡಿ.

1936ರ ಮೇ ತಿಂಗಳಲ್ಲಿ ಹರಿಲಾಲ ಮುಸ್ಲಿಮನಾಗಿ ಅಬ್ದುಲ್ಲಾ ಎಂದು ಹೆಸರಿಟ್ಟುಕೊಂಡ. ನವೆಂಬರಿನಲ್ಲಿ ಆರ್ಯಸಮಾಜದ ಮೂಲಕ ವಾಪಸ್ ಬಂದ. ಈ ನಡುವೆ ಮದ್ರಾಸಿನಲ್ಲಿ ಕುಡಿದು ಗಲಾಟೆ ಮಾಡಿ ಪೊಲೀಸರ ಕೈಗೆ ಸಿಕ್ಕ ಸುದ್ದಿ ಪೇಪರಿನಲ್ಲಿ ಬಂತು. ಆಗ ಬಾ ಹೇಳಿ ಬರೆಸಿದ ಪತ್ರವೂ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮತ ಬದಲಿಸಿದ್ದು ನೋವಾದರೂ, ಅದರಿಂದಲಾದರೂ ಸರಿಹೋದೀಯೆಂದು ಒಳಗೊಳಗೇ ಸಮಾಧಾನಪಟ್ಟಿದ್ದೆ ಅಂತ ಅದರಲ್ಲಿ ಹೇಳಿಕೊಂಡರು. ಸುಟ್ಟದ್ದು ಕುಡಿತ. ಬೆಳಗ್ಗೆ ಪೇಪರ್ ತೆರೆಯೋಕೆ ಭಯ, ರಾತ್ರಿ ನಿದ್ದೆಯಿಲ್ಲ, ನಿನ್ನ ಮಕ್ಕಳ ಗತಿ ಏನು, ಅಪ್ಪ ಅಮ್ಮ ನಿನಗೆ ಮಾಡಿದ ಅಪರಾಧವಾದರೂ ಏನು ಅಂತ ಕೇಳಿದರು. ಅವನನ್ನು ಮುಂದಿಟ್ಟುಕೊಂಡು ಮೆರೆಸುತ್ತಿದ್ದವರನ್ನೂ ಪ್ರಶ್ನಿಸಿದರು.

ನಾವಾಗಿದ್ದರೆ? ಪಕ್ಕದ ಮನೆಯವರು ಕೇಳಿದರೆ ಮಗನಿಗೆ ನೈಟ್ ಡ್ಯೂಟಿ ಅಂತೀವಿ. ಹೆಚ್ಚು ಓದು ಬರಹ ಇಲ್ಲದ ಆ ಹೆಂಗಸು ಸುಳ್ಳು ಹೇಳಲಿಲ್ಲ. ಸಾಲ ತೀರಿಸಲೂ ಇಲ್ಲ. ಕೈಯಲ್ಲಿ ದುಡ್ಡು, ಮೈಮೇಲೆ ಒಡವೆ ಇದ್ದಿದ್ದರೆ ಕೊಡುತ್ತಿದ್ದರೇನೋ, ಯಾರಿಗೆ ಗೊತ್ತು! ತಾಯಿ ಕರುಳು.

ಆ ಕರುಳನ್ನು ನೋಡಬೇಕೆಂದರೆ ಕಟ್ನಿ ಸ್ಟೇಷನ್ನಿಗೆ ಬರಬೇಕು. ಒಮ್ಮೆ ಇಬ್ಬರೂ ಹೋಗುತ್ತಿದ್ದ ರೈಲು ಅಲ್ಲಿ ನಿಂತಾಗ, ಜನ ಗಾಂಧೀಜಿಗೆ ಜೈ ಅನ್ನುತ್ತಿದ್ದರೆ ಒಂದು ದನಿ ಮಾತ್ರ ಕಸ್ತೂರಬಾಗೆ ಜೈ ಅಂದಿತು. ಹರಿಲಾಲ. ಹರಿದ ಬಟ್ಟೆ, ಸೊರಗಿದ ಮುಖ. ಜೇಬಿನಿಂದ ಒಂದು ಕಿತ್ತಳೆ ತೆಗೆದು ಬಾ ಕೈಗಿತ್ತು, ಇದು ನೀನೇ ತಿನ್ನಬೇಕು, ಅಪ್ಪನಿಗಲ್ಲ ಅಂದ. ನಮ್ಮ ಜೊತೆ ಬಾ ಅಂತ ಆಕೆ ಬೇಡಿಕೊಂಡರು. ಅಷ್ಟು ದೂರ ಬಂದಾಗಿದೆ, ಇನ್ನು ಆಗಲ್ಲ ಅಂದ. ರೈಲು ಹೊರಟ ಮೇಲೆ ಬಾಗೆ ನೆನಪಾಯಿತು, ಮಗನಿಗೆ ತಿನ್ನೋಕೆ ಏನೂ ಕೊಡಲಿಲ್ಲ ಅಂತ. ಬುಟ್ಟಿಯಲ್ಲಿ ಹಣ್ಣಿತ್ತು. ಅಷ್ಟರಲ್ಲಿ ಪ್ಲಾಟ್‌ಫಾರಂ ಹಿಂದೆ ಸರಿದಿತ್ತು.

1942ರಲ್ಲಿ ಬಂಧನವಾಗಿ ಪುಣೆಯ ಆಗಾ ಖಾನ್ ಅರಮನೆ ಸೇರಿದ ಬಾಗೆ ಹೃದಯದ ಕಾಯಿಲೆ ಜೋರಾಯಿತು. 1944ರ ಫೆಬ್ರವರಿಯಲ್ಲಿ ಹರಿಲಾಲನನ್ನು ನೋಡಬೇಕೆಂದು ಹಂಬಲಿಸಿದರು. ಅವನು ಬಂದುಹೋದ. ಸರ್ಕಾರ ಅವನಿಗೆ ಒಂದೇ ಭೇಟಿಗೆ ಒಪ್ಪಿದೆ ಅಂತ ಗೊತ್ತಾದಾಗ, ದೇವದಾಸನಿಗೊಂದು ನ್ಯಾಯ ಇವನಿಗೊಂದು ನ್ಯಾಯವಾ ಅಂತ ಹಾಸಿಗೆಯಲ್ಲೇ ಸಿಟ್ಟಾದರು. ಅನುಮತಿ ಸಿಕ್ಕಿತು. ಫೆಬ್ರವರಿ 21ರಂದು ಅವನು ಬಂದ, ಕುಡಿದು ಬಂದ. ಆ ಸ್ಥಿತಿ ನೋಡಿ ಬಾ ಹಣೆ ಹಣೆ ಚಚ್ಚಿಕೊಂಡು ಅತ್ತರು. ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ಮಾರನೇ ದಿನ, ಶಿವರಾತ್ರಿಯ ಸಂಜೆ, ಗಂಡನ ಮಡಿಲಲ್ಲಿ ಪ್ರಾಣ ಬಿಟ್ಟರು. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿದರು. ಚಿತೆಗೆ ಬೆಂಕಿ ಇಟ್ಟದ್ದು ದೇವದಾಸ.

ಹರಿಲಾಲ 1948ರ ಜೂನ್ 18ರಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ.